ಇಳೀರಿ, ಅದು ನನ್ನ ಸೈಕಲ್

ಹಿಂದಿನ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನೆಲಮಂಗಲದ ಒಂದು ಬಡಾವಣೆಯಲ್ಲಿ, ಪರಿಚಯವೇ ಇಲ್ಲದ ಹೆಂಗಸೊಬ್ಬರು ನನ್ನನ್ನು ಸೈಕಲ್ಲಿನಿಂದ ಕೆಳಗಿಳಿಸಿದರು. ಅವರ ಎರಡೂ ಕೈಗೆ ಇಡ್ಲಿ ಹಿಟ್ಟು ಮೆತ್ತಿತ್ತು. ನನ್ನ ತಲೆಗೆ ಹೆಲ್ಮೆಟ್, ಮೈಗೆ ಹಳದಿ ಜೆರ್ಸಿ, ಕೆಳಗೆ ದಿಂಬು ಹೊಲಿದ ಕಪ್ಪು ಚಡ್ಡಿ. ವಯಸ್ಸು ನಲವತ್ತೇಳು. ಪಕ್ಕದಲ್ಲೇ ನನ್ನ ಹೆಂಡತಿ ವನಜಾ ನಿಂತಿದ್ದಳು. ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

ಈ ಸ್ಥಿತಿಗೆ ಹೇಗೆ ಬಂದೆ? ಮೊದಲಿನಿಂದ ಹೇಳುತ್ತೇನೆ.

ನಾನು ದೊಡ್ಡಬಳ್ಳಾಪುರದವನು, ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನಮ್ಮ ಮನೆ ಇರುವುದು ನಂದಿಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿ. ಶನಿವಾರ, ಭಾನುವಾರ ಬೆಳಗಾಯಿತೆಂದರೆ ಬೆಂಗಳೂರಿನಿಂದ ಸೈಕಲ್ಲುಗಳು ಸಾಲಾಗಿ ಬರುತ್ತವೆ. ಬೆರಳು ಗಾತ್ರದ ಟೈರು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್. ರೋಡ್ ಬೈಕ್ ಅನ್ನುತ್ತಾರೆ. ವರ್ಷಗಟ್ಟಲೆ ನಾನು ಕಾಫಿ ಲೋಟ ಹಿಡಿದು ಗೇಟಿನ ಬಳಿ ನಿಂತು ಅವರನ್ನು ನೋಡಿದ್ದೇನೆ. ಪಾಪ, ಇವರಿಗೆ ರಜಾ ದಿನವೂ ನಿದ್ದೆ ಇಲ್ಲವಲ್ಲ ಎಂದು ಮರುಗಿದ್ದೇನೆ.

ಒಂದು ದಿನ ಬಿಳಿ ಗಡ್ಡದವರೊಬ್ಬರು ನಮ್ಮ ಗೇಟಿನ ಮುಂದೆ ನಿಂತು ನೀರು ಕೇಳಿದರು. ಬಾಟಲಿ ತುಂಬಿಸಿಕೊಟ್ಟೆ. ಹೆಬ್ಬಾಳದಿಂದ ಬಂದಿದ್ದರು. ಬೆಟ್ಟ ಹತ್ತಿ, ಇಳಿದು, ಊಟದ ಹೊತ್ತಿಗೆ ಮನೆ ಸೇರುತ್ತಾರಂತೆ. ವಯಸ್ಸು ಕೇಳಿದೆ.

'ಅರವತ್ತಾರು' ಅಂದರು.

ಅವರು ಹೋದ ಮೇಲೆ ನಾನು ಖಾಲಿ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ನಮ್ಮ ಕಾಲೇಜಿನ ಸ್ಟಾಫ್ ರೂಮು ಮೊದಲ ಮಹಡಿಯಲ್ಲಿದೆ. ಮೆಟ್ಟಿಲು ಇಪ್ಪತ್ತೆರಡು. ಹದಿನಾಲ್ಕನೆಯದರಲ್ಲಿ ನಾನು ನಿಂತು ಮೊಬೈಲ್ ನೋಡುತ್ತೇನೆ. ಮೆಸೇಜ್ ಬಂದಿರುವುದಿಲ್ಲ. ಉಸಿರು ಬರಲಿ ಎಂದು ನೋಡುತ್ತೇನೆ.

ಅವತ್ತೇ ನಿರ್ಧಾರವಾಯಿತು.

ನಿರ್ಧಾರ ಮಾಡಿದವನು ಮೊದಲು ಏನು ಮಾಡಬೇಕು? ಯಾರದ್ದಾದರೂ ಸೈಕಲ್ ಕೇಳಿ ತಂದು ಎರಡು ದಿನ ತುಳಿದು ನೋಡಬೇಕು. ನಾನು ಚಡ್ಡಿ ತರಿಸಿದೆ.

ಮೂರು ವಾರ ವಿಡಿಯೋ ನೋಡಿದೆ. ದಿನಕ್ಕೊಂದು ಪಾರ್ಸೆಲ್ ಬಂತು. ಚಡ್ಡಿಯ ನಂತರ ಜೆರ್ಸಿ, ಗ್ಲೌಸು, ಬಣ್ಣದ ಕನ್ನಡಕ, ಎಷ್ಟು ದೂರ ಹೋದೆ ಎಂದು ಹೇಳುವ ಪುಟ್ಟ ಮೀಟರು. (ದೂರ ಹೋಗಲು ಇನ್ನೂ ಸೈಕಲ್ಲೇ ಇರಲಿಲ್ಲ.) ವನಜಾ ಆಸ್ಪತ್ರೆಯಲ್ಲಿ ನರ್ಸು. ಕ್ಯಾಷುಯಲ್ಟಿಯಲ್ಲಿ ಡ್ಯೂಟಿ. ಅವಳು ಪಾರ್ಸೆಲ್ಲುಗಳನ್ನು ಒಂದೊಂದಾಗಿ ನೋಡಿದಳು. ಚಡ್ಡಿಯನ್ನು ಎತ್ತಿ ಒತ್ತಿ ನೋಡಿದಳು.

'ಇದೇನ್ರೀ ಒಳಗೆ, ದಿಂಬಾ?'

'ಪ್ಯಾಡು. ಸೀಟು ಒತ್ತಬಾರದು ಅಂತ. ಒಳಗಡೆ ಬೇರೆ ಏನೂ ಹಾಕೋ ಹಾಗಿಲ್ಲ.'

'ಮೇಲೆ?'

'ಮೇಲೂ ಹಾಕಲ್ಲ.'

ಅವಳು ಚಡ್ಡಿಯನ್ನು ಮಡಚಿಟ್ಟಳು. 'ಹಾಗಾದ್ರೆ ನಮ್ಮ ಬೀದಿ ದಾಟೋವರೆಗೂ ಬೇಗ ಬೇಗ ತುಳೀರಿ' ಅಂದಳು. ಆಮೇಲೆ ಕೇಳಿದಳು, 'ಹೆಲ್ಮೆಟ್ ಎಲ್ಲಿ?'

ಹೆಲ್ಮೆಟ್ ತರಿಸಿರಲಿಲ್ಲ. ತಲೆಗೆ ಏಟಾದವರನ್ನು ದಿನಾ ನೋಡುವವಳಿಗೆ ಈ ಉತ್ತರ ಸಾಲುವುದಿಲ್ಲ. ಸಂಜೆಯೊಳಗೆ ಹೆಲ್ಮೆಟ್ ಬಂತು. ತಂದವಳು ಅವಳೇ.

ಇನ್ನು ಸೈಕಲ್. ಹೊಸದಕ್ಕೆ ಕೈ ಹಾಕಲು ಧೈರ್ಯವಾಗಲಿಲ್ಲ. ಆನ್‌ಲೈನಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಾಹೀರಾತು ಕಂಡಿತು. ದೇವನಹಳ್ಳಿ ಹತ್ತಿರದ ಅಪಾರ್ಟ್‌ಮೆಂಟು. ಕಡುನೀಲಿ ಬಣ್ಣ. ಎತ್ತಿದರೆ ಒಂದು ಕೈಯಲ್ಲಿ ಬರುತ್ತಿತ್ತು. ಮಾರುವ ಹುಡುಗ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಹೊರಗೆ ಬಂದ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

'ಸರ್, ಇದರ ಫ್ರೇಮು ಫಿಫ್ಟಿ ಏಯ್ಟ್ ಸೆಂಟಿಮೀಟರ್ ಸೈಜು. ನಿಮ್ಮ ಹೈಟ್ ಎಷ್ಟು?' ಅಂದ.

'ಐದು ಅಡಿ ಎಂಟು' ಅಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ಬೇಗ ಮುಗಿಯಿತು. 'ಸ್ವಲ್ಪ ದೊಡ್ಡದಾಗುತ್ತೆ ಸರ್. ಸೀಟು ಇಳಿಸಿದ್ರೆ ಮ್ಯಾನೇಜ್ ಆಗ್ಬಹುದು' ಅಂದ. ಅವನದ್ದು ತಪ್ಪಿಲ್ಲ. ನಾನು ಹೇಳಿದ ಎತ್ತರಕ್ಕೆ ಅವನು ಉತ್ತರ ಕೊಟ್ಟ.

ಸೀಟು ಇಳಿಸಿದೆವು. ಮ್ಯಾನೇಜ್ ಶುರುವಾಯಿತು.

ಮೊದಲ ದಿನ ಮನೆಯಿಂದ ಮುಖ್ಯ ರಸ್ತೆಗೆ. ಎರಡನೆಯ ವಾರ ಸಾಸಲು ಕಡೆಗೆ. ಬೆಳಗಿನ ಹೊತ್ತು ಆ ರಸ್ತೆ ಚೆನ್ನಾಗಿರುತ್ತದೆ. ಎರಡೂ ಕಡೆ ರಾಗಿ ಹೊಲ, ಆಗೊಂದು ಈಗೊಂದು ಟ್ರ್ಯಾಕ್ಟರು. ಒಂದು ಹಳ್ಳಿಯ ಹಾಲಿನ ಡೇರಿ ಮುಂದೆ ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಹಸುವೊಂದು ರಸ್ತೆಗೆ ಅಡ್ಡ ಬಂತು. ಬ್ರೇಕ್ ಹಿಡಿದೆ. ಸೈಕಲ್ ನಿಂತಿತು. ನಾನು ಕಾಲು ಕೆಳಗಿಟ್ಟೆ. ಅಲ್ಲಿ ನೆಲ ಇರಲಿಲ್ಲ. ಇತ್ತು, ಮೂರು ಇಂಚು ಕೆಳಗಿತ್ತು.

ಸೀಟು ಎಷ್ಟು ಇಳಿಸಿದರೂ ನಡುವಿನ ಪೈಪು ಇಳಿಯುವುದಿಲ್ಲ. ಆ ಪೈಪು ನನಗೆ ಎಲ್ಲಿ ತಾಗಿತು ಎಂದು ಕುಟುಂಬದವರು ಓದುವ ಪತ್ರಿಕೆಯಲ್ಲಿ ಬರೆಯುವುದಿಲ್ಲ. ಆಮೇಲೆ ಸೈಕಲ್ ಸಮೇತ ಪಕ್ಕಕ್ಕೆ, ನಿಧಾನವಾಗಿ, ಡೇರಿಯ ಸಾಲಿನ ಕಡೆಗೆ ಬಿದ್ದೆ. ಜನ ಮೊದಲು ಕ್ಯಾನುಗಳನ್ನು ನೋಡಿದರು. ಹಾಲು ಚೆಲ್ಲಿರಲಿಲ್ಲ. ಆಮೇಲೆ ನನ್ನನ್ನು ಎತ್ತಿದರು.

'ಯಾವೂರ್ ಸಾ? ಬೆಂಗ್ಳೂರಾ?' ಒಬ್ಬ ಹಿರಿಯರು ಕೇಳಿದರು.

'ಇಲ್ಲ, ದೊಡ್ಬಳ್ಳಾಪುರ.'

'ಮತ್ತೆ ಬಸ್ಸಿತ್ತಲ್ಲಪ್ಪಾ?'

ಬಸ್ಸು ಇತ್ತು.

ಹೀಗೆ ಒಂದೂವರೆ ತಿಂಗಳು. ಕತ್ತು ನೋವು, ಸೊಂಟ ನೋವು, ಹ್ಯಾಂಡಲ್ ಎಟುಕಿಸಿಕೊಳ್ಳಲು ಮೈ ಚಾಚಿ ಚಾಚಿ ಅಂಗೈ ಜೋಮು. ಬೋರ್ಡಿನ ಮೇಲೆ ಬೇಡಿಕೆಯ ರೇಖೆ ಎಳೆಯಲು ಹೋದರೆ ಸೀಮೆಸುಣ್ಣ ಬೆರಳಿನಿಂದ ಜಾರುತ್ತಿತ್ತು. ವನಜಾ ಮುಲಾಮು ಹಚ್ಚುತ್ತಾ, 'ಸೈಕಲ್ ತುಳಿದ್ರೆ ಹೀಗೆಲ್ಲ ಆಗುತ್ತಾ?' ಅಂದಳು. 'ಅಭ್ಯಾಸ ಆಗ್ಬೇಕು' ಅಂದೆ. ದುಡ್ಡು ಕೊಟ್ಟು ತಂದದ್ದು ತಪ್ಪಾಯಿತು ಎನ್ನುವುದಕ್ಕಿಂತ, ನೋವು ಈ ಆಟದ ಭಾಗ ಎಂದುಕೊಳ್ಳುವುದು ಸುಲಭ. ನೀವೂ ಕಚ್ಚುವ ಶೂ ಹಾಕಿಕೊಂಡು ಮದುವೆಗಳಿಗೆ ಹೋಗಿದ್ದೀರಿ ತಾನೆ?

ಕೊನೆಗೆ ಒಂದು ಸಂಜೆ ಬ್ರೇಕ್ ಸರಿ ಮಾಡಿಸಲು ರಹಮತ್ ಭಾಯ್ ಅಂಗಡಿಗೆ ಹೋದೆ. ಡ್ಯೂಟಿ ಮುಗಿಸಿ ಬರುತ್ತಿದ್ದ ವನಜಾ ನನ್ನನ್ನು ನೋಡಿ ಅಲ್ಲೇ ಸ್ಕೂಟರ್ ನಿಲ್ಲಿಸಿದಳು. ರಹಮತ್ ಭಾಯ್ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಾರೆ. ಮೊದಲು ಹಾಲಿನವರ, ಪೇಪರಿನವರ ಸೈಕಲ್ಲುಗಳು ಬರುತ್ತಿದ್ದವು. ಈಗ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕೆಟ್ಟು ನಿಂತ ರೋಡ್ ಬೈಕುಗಳು ಬರುತ್ತವೆ. ಒಂದೊಂದನ್ನೇ ಬಿಚ್ಚಿ, ಜೋಡಿಸಿ, ಅವುಗಳ ವಿದ್ಯೆಯನ್ನೂ ಕಲಿತಿದ್ದಾರೆ. ಅವರು ಬ್ರೇಕ್ ನೋಡಲೇ ಇಲ್ಲ. ಪೈಪಿನ ಎರಡೂ ಕಡೆ ಕಾಲಿಟ್ಟು, ತುದಿಗಾಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

'ಯಾರ್ದು ಸಾರ್ ಈ ಗಾಡಿ?'

'ನಂದೇ.'

'ಅದು ಗೊತ್ತಾಯ್ತು ಸಾರ್. ಯಾರಿಗೆ ಅಂತ ಮಾಡಿರೋದು?'

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ತಲೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಟೇಪು ಹಿಡಿದರು. 'ಐದು ಐದು' ಅಂದರು.

'ಮದುವೆಗೆ ಮುಂಚೆ ಕೊಟ್ಟ ಕಾಗದದಲ್ಲಿ ಐದು ಎಂಟು ಅಂತ ಬರೆದಿತ್ತು' ಅಂದಳು ವನಜಾ. ದನಿಯಲ್ಲಿ ಸಿಟ್ಟಿರಲಿಲ್ಲ. ಕೇಸ್ ಶೀಟಿನಲ್ಲಿ ತಪ್ಪು ಕಂಡಾಗ ಡಾಕ್ಟರಿಗೆ ಹೇಳುವ ದನಿ.

'ಎಲ್ಲಾರೂ ಸ್ವಲ್ಪ ಜಾಸ್ತಿ ಹಾಕ್ತಾರೆ ಮೇಡಂ' ಅಂದರು ರಹಮತ್ ಭಾಯ್. 'ಸಂಸಾರ ಹೆಂಗೋ ನಡೆದುಬಿಡುತ್ತೆ. ಸೈಕಲ್ ನಡೆಯಲ್ಲ. ಸಾರ್‌ಗೆ ಐವತ್ತೆರಡು ಬೇಕು. ಇದು ಐವತ್ತೆಂಟು.'

ಆಮೇಲೆ ಅವರೇ ಒಂದು ದಾರಿ ತೋರಿಸಿದರು. ನೆಲಮಂಗಲದಿಂದ ಕೃಷ್ಣೇಗೌಡರು ಅಂತ ಒಬ್ಬರು ಭಾನುವಾರ ಸೈಕಲ್ಲಿನಲ್ಲಿ ಈ ಕಡೆ ಬರುತ್ತಾರಂತೆ. ಒಮ್ಮೆ ಚೈನ್ ತುಂಡಾಗಿ ಅಂಗಡಿಗೆ ಬಂದಿದ್ದರಂತೆ. ಆರು ಅಡಿ ಮೇಲಿನ ಆಳು, ಸೈಕಲ್ ಮಾತ್ರ ಐವತ್ತೆರಡು. 'ಒಂಟೆ ಹೋಗಿ ಮೇಕೆ ಮೇಲೆ ಕೂತಂಗೆ ಸಾರ್. ಮಂಡಿ ಬಂದು ಮೊಣಕೈಗೆ ಹೊಡೀತದೆ. ನೀವು ಮೇಕೆ, ಒಂಟೆ ಮೇಲೆ ಕೂತಿದ್ದೀರ. ಇಬ್ಬರೂ ಬದ್ಲಾಯಿಸ್ಕೊಂಡ್ಬಿಡಿ.'

ಅಲ್ಲಿಂದಲೇ ಫೋನ್ ಮಾಡಿಸಿದರು. ಕೃಷ್ಣೇಗೌಡರು ಭೂಮಾಪಕರು. ಊರವರ ಜಮೀನು ಅಳೆಯುವ ಕೆಲಸ. ತಮ್ಮ ಮಂಡಿ ನೋವಿನ ಬಗ್ಗೆ ಹತ್ತು ನಿಮಿಷ ಹೇಳಿದರು. ನಾನು ಕತ್ತು ನೋವಿನ ಬಗ್ಗೆ ಹತ್ತು ನಿಮಿಷ ಹೇಳಿದೆ. ಸೈಕಲ್ಲುಗಳ ಕಂಪನಿ ಬೇರೆಯಾದರೂ ದರ್ಜೆ ಹೆಚ್ಚುಕಡಿಮೆ ಒಂದೇ. ಭಾನುವಾರ ಬನ್ನಿ ಅಂದರು. ಇಬ್ಬರು ಗಂಡಸರು ಇಷ್ಟು ಬೇಗ ಒಂದು ವಿಷಯದಲ್ಲಿ ಒಪ್ಪಿದ್ದನ್ನು ನಾನು ನೋಡಿಲ್ಲ.

ಮುಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಕಾರಿನ ಹಿಂದೆ ಮಲಗಿಸಿಕೊಂಡು ಹೊರಟೆವು. ವನಜಾಗೆ ರಜೆ ಇತ್ತು, ಬಂದಳು.

ಕೃಷ್ಣೇಗೌಡರು ಗೇಟಿನಲ್ಲೇ ಕಾಯುತ್ತಿದ್ದರು. ಅವರ ಸೈಕಲ್ ಕೆಂಪು ಬಣ್ಣದ್ದು. ಒರೆಸಿ, ಎಣ್ಣೆ ಬಿಟ್ಟು, ನನ್ನ ಅಳತೆಗೆ ಸೀಟು ಇಳಿಸಿ ಇಟ್ಟಿದ್ದರು. ನನ್ನ ಸೈಕಲ್ಲಿನ ಸೀಟು ಏರಿಸಿಕೊಂಡು ಅವರು ಹತ್ತಿದರು. ಒಂದು ಸುತ್ತು ಹೋಗಿ ಬಂದರು. ಐವತ್ತು ದಾಟಿದ ಆ ದೊಡ್ಡ ಮನುಷ್ಯರ ಮುಖ ನೋಡಬೇಕಿತ್ತು. 'ಕಾಲು ಪೂರ್ತಿ ಚಾಚ್ತು ಸಾರ್!' ಅಂದರು. ಎರಡು ವರ್ಷದಿಂದ ಮಡಚಿಕೊಂಡೇ ತುಳಿಯುತ್ತಿದ್ದರಂತೆ.

ನಾನು ಕೆಂಪು ಸೈಕಲ್ ಹತ್ತಿದೆ. ಹ್ಯಾಂಡಲ್ ತಾನಾಗಿ ಕೈಗೆ ಬಂತು. ನಿಂತರೆ ನೆಲ ಇತ್ತು. ಸೈಕಲ್ ತುಳಿಯುವುದು ಇಷ್ಟು ಸುಲಭ ಎಂದು ಒಂದೂವರೆ ತಿಂಗಳಿನಿಂದ ಯಾರೂ ನನಗೆ ಹೇಳಿರಲಿಲ್ಲ. ಬೀದಿಯಲ್ಲಿ ಎರಡು ಸುತ್ತು ಹೊಡೆದೆ. ಮೂರನೆಯ ಸುತ್ತಿನಲ್ಲಿ ಗೇಟಿನ ಮುಂದೆ ಗೇರ್ ಬದಲಾಯಿಸಿದೆ. ಅಥವಾ ಬದಲಾಯಿಸಲು ನೋಡಿದೆ. ಚೈನು ಕರಕರ ಎಂದು ಅರಚಿಕೊಂಡಿತು.

ಒಳಗಿನಿಂದ ದನಿ ಬಂತು. 'ಯಾರ್ರೀ ಅದು, ಗೇರ್ ಹಂಗೆ ಹಾಕ್ತಿರೋದು?'

ಬಂದವರು ಕೃಷ್ಣೇಗೌಡರ ಹೆಂಡತಿ ಸುಧಾ. ಹೈಸ್ಕೂಲಿನಲ್ಲಿ ಗಣಿತ ಟೀಚರು. ಕೈಯ ಹಿಟ್ಟನ್ನೂ ತೊಳೆಯದೆ ಬಂದಿದ್ದರು. ನನ್ನನ್ನು ನೋಡಿದರು, ಸೈಕಲ್ ನೋಡಿದರು, ಗಂಡನನ್ನು ನೋಡಿದರು.

'ಇಳೀರಿ' ಅಂದರು. 'ಅದು ನನ್ನ ಸೈಕಲ್.'

ಇಳಿದೆ. ಗಣಿತ ಟೀಚರು ಹೇಳಿದರೆ ಇಳಿಯುವ ಅಭ್ಯಾಸ ನಮ್ಮ ತಲೆಮಾರಿಗೆ ಇದೆ.

ಕೃಷ್ಣೇಗೌಡರು ಗಂಟಲು ಸರಿಮಾಡಿಕೊಂಡರು. 'ಅಲ್ಲ ಕಣೇ, ಇವರಿಗೆ ಕೊಟ್ಟು ಅದನ್ನ ತಗೊಳ್ಳೋಣ ಅಂತ. ನೀನು ಹೆಂಗೂ ಓಡ್ಸಲ್ವಲ್ಲ.'

'ಓಡಿಸ್ಬೇಡ ಅಂದೋರು ಯಾರು?'

ಕೃಷ್ಣೇಗೌಡರು ಬ್ರೇಕ್ ಒತ್ತಿ ನೋಡಿಕೊಂಡರು. ಆಗ ಸುಧಾ ನನಗಲ್ಲ, ವನಜಾಗೆ ಹೇಳತೊಡಗಿದರು. ಮೂರು ವರ್ಷದ ಹಿಂದೆ ಸ್ವಂತ ಸಂಬಳದಲ್ಲಿ ತಂದ ಸೈಕಲ್. ಅಂಗಡಿಗೆ ನಾಲ್ಕು ಸಲ ಹೋಗಿ, ಅಳತೆ ಕೊಟ್ಟು, ತುಳಿದು ನೋಡಿ ಆರಿಸಿದ್ದು. ಒಂದು ವರ್ಷ ಪ್ರತಿ ಭಾನುವಾರ ತುಳಿದರಂತೆ. ಒಂದು ದಿನ ರಸ್ತೆಯ ಹಂಪಿನ ಪಕ್ಕ ಬಿದ್ದಿದ್ದ ಮರಳಿನಲ್ಲಿ ಚಕ್ರ ಜಾರಿ ಬಿದ್ದರು. ಭುಜದ ಮುಂದಿನ ಮೂಳೆ ಮುರಿಯಿತು.

'ಮೂಳೆ ಆರು ವಾರಕ್ಕೆ ಕೂಡ್ಕೊಳ್ತು' ಅಂದರು. 'ನಮ್ಮಮ್ಮ ಸಾಕು ಅಂದ್ರು. ನಮ್ಮತ್ತೆ ಸಾಕು ಅಂದ್ರು. ಇವರು ಸೈಕಲ್ಲನ್ನ ಮಹಡಿ ರೂಮಿಗೆ ಎತ್ತಿಟ್ರು. ಆಮೇಲೆ ವೇಸ್ಟ್ ಆಗುತ್ತೆ ಅಂತ ಇವರೇ ಓಡಿಸೋಕೆ ಶುರು ಮಾಡಿದ್ರು. ಬಿದ್ದಿದ್ದು ಹೆಂಗೆ ಅಂತ ಎಲ್ಲರೂ ಕೇಳಿದ್ರು. ಮತ್ತೆ ಯಾವಾಗ ಹತ್ತುತೀಯ ಅಂತ ಒಬ್ರೂ ಕೇಳ್ಲಿಲ್ಲ ಮೇಡಂ.'

ಕೃಷ್ಣೇಗೌಡರು ನನ್ನ ಐವತ್ತೆಂಟರ ಮೇಲೆ ಕೂತು, ಒಂದು ಕಾಲು ನೆಲಕ್ಕೆ ಊರಿದ್ದರು. ಕೆಟ್ಟ ಮನುಷ್ಯರೇನಲ್ಲ. 'ನಿಂಗೆ ಭಯ ಅಂದ್ಕೊಂಡೆ' ಎಂದು ಮೆಲ್ಲಗೆ ಹೇಳಿದರು.

'ಭಯ ಇದೆ. ಇಲ್ಲ ಅಂತ ಎಲ್ಲಿ ಹೇಳ್ದೆ?'

ವನಜಾ ಕೇಳಿದಳು. 'ನಿಮ್ಮ ಹೆಲ್ಮೆಟ್ ಎಲ್ಲಿದೆ?'

ಸುಧಾ ಅವಳನ್ನೇ ನೋಡಿದರು. ಒಳಗೆ ಹೋದರು. ಕೈ ತೊಳೆದು, ಚೂಡಿದಾರದ ವೇಲ್ ತೆಗೆದಿಟ್ಟು, ಪ್ಯಾಂಟಿನ ಬಲಗಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಂದರು. ಹೆಲ್ಮೆಟ್ಟಿನ ಮೇಲೆ ಧೂಳಿತ್ತು. ವನಜಾ ಅದನ್ನು ಸೆರಗಿನಲ್ಲಿ ಒರೆಸಿ, ಅವರ ತಲೆಗೆ ಹಾಕಿ, ಗಲ್ಲದ ಪಟ್ಟಿ ಬಿಗಿ ಮಾಡಿ, ಎರಡು ಬೆರಳು ತೂರಿಸಿ ನೋಡಿದಳು.

ಸುಧಾ ಹತ್ತಿದರು. ನಾಲ್ಕು ಅಡಿ ಹೋಗಿ ಕಾಲು ಊರಿದರು. ಕೃಷ್ಣೇಗೌಡರು ಎರಡು ಹೆಜ್ಜೆ ಮುಂದಿಟ್ಟರು. 'ನೀವು ಬರ್ಬೇಡಿ' ಅಂದರು ಸುಧಾ, ಹಿಂದೆ ತಿರುಗದೆ. ಮತ್ತೆ ಹತ್ತಿದರು. ಈ ಸಲ ಹೋದರು.

ಬೀದಿಯ ಕೊನೆಯಲ್ಲಿ ಒಂದು ಹಂಪು ಇತ್ತು. ಅಲ್ಲಿ ಇಳಿದರು. ಸೈಕಲ್ಲನ್ನು ತಳ್ಳಿಕೊಂಡು ಹಂಪು ದಾಟಿದರು. ಆಚೆ ನಿಂತು ಸ್ವಲ್ಪ ಹೊತ್ತು ರಸ್ತೆ ನೋಡಿದರು. ಮತ್ತೆ ಹತ್ತಿ, ತಿರುವಿನಲ್ಲಿ ಮರೆಯಾದರು.

ನಾವು ಮೂವರೂ ಗೇಟಿನ ಬಳಿ ನಿಂತೆವು. ಐದು ನಿಮಿಷ ಆಯಿತು. ಕೃಷ್ಣೇಗೌಡರು ವಾಚು ನೋಡಿದರು. ಎಂಟು ನಿಮಿಷ. 'ಆ ಕಡೆ ಟಿಪ್ಪರ್ ಓಡಾಡ್ತವೆ, ನೋಡ್ಕೊಂಡ್ ಬಂದ್ಬಿಡ್ತೀನಿ' ಎಂದು ಸೈಕಲ್ ತಿರುಗಿಸಿದರು. 'ಬೇಡ ಸರ್, ಬರ್ತಾರೆ' ಅಂದಳು ವನಜಾ. ಅವಳ ಕಣ್ಣು ತಿರುವಿನ ಮೇಲೇ ಇತ್ತು. ಪರಿಚಯವಾಗಿ ಅರ್ಧ ಗಂಟೆಯಾದವರು ಸುಖವಾಗಿ ಮರಳಿ ಬರಲಿ ಎಂದು ಇಷ್ಟೊಂದು ಹಂಬಲಿಸಬಹುದು ಎಂದು ನನಗೆ ತಿಳಿದಿರಲಿಲ್ಲ.

ಹದಿನಾಲ್ಕು ನಿಮಿಷಕ್ಕೆ ಬಂದರು. ಈ ಸಲ ಹಂಪಿನಲ್ಲಿ ಇಳಿಯಲಿಲ್ಲ. ವೇಗ ಇಳಿಸಿ, ಸೀಟಿನಿಂದ ಸ್ವಲ್ಪ ಎದ್ದು ದಾಟಿದರು. ಗೇಟಿನ ಮುಂದೆ ಸದ್ದಿಲ್ಲದೆ ಗೇರ್ ಬದಲಾಯಿಸಿ ನಿಂತರು. (ಅದು ನನಗೆ ತೋರಿಸಲೆಂದೇ ಇರಬೇಕು.) ಮುಖವೆಲ್ಲ ಬೆವರು. ಕಣ್ಣೂ ಒದ್ದೆಯಾಗಿತ್ತು. ಗಂಡನಿಗೆ ಅವರು ಹೇಳಿದ್ದು ಇಷ್ಟೇ. 'ಟೈರಿಗೆ ಗಾಳಿ ಜಾಸ್ತಿ ಹೊಡೆದಿದ್ದೀರ. ನನ್ನ ತೂಕಕ್ಕೆ ಇಷ್ಟು ಬೇಡ.'

ಕೃಷ್ಣೇಗೌಡರು ಗಾಳಿ ಇಳಿಸಿದರು. ಆಮೇಲೆ ಎಲ್ಲರೂ ಇಡ್ಲಿ ತಿಂದೆವು.

ನನ್ನ ನೀಲಿ ಸೈಕಲ್ಲನ್ನು ಕೃಷ್ಣೇಗೌಡರೇ ನ್ಯಾಯವಾದ ಬೆಲೆಗೆ ಇಟ್ಟುಕೊಂಡರು. ನಾನು ಖಾಲಿ ಕಾರಿನಲ್ಲಿ, ಸೈಕಲ್ ಸವಾರನ ಪೂರ್ತಿ ಉಡುಪಿನಲ್ಲಿ ಮರಳಿದೆ.

ದಾರಿಯಲ್ಲಿ ವನಜಾ ಕೇಳಿದಳು. 'ಹೋದ ವರ್ಷ ಮಳೇಲಿ ನಾನು ಜಾರಿ ಬಿದ್ದಾಗ, ನನ್ನ ಸ್ಕೂಟರ್ ಕೀ ಒಂದು ತಿಂಗಳು ಬಚ್ಚಿಟ್ಟಿದ್ರಿ, ನೆನಪಿದೆಯಾ?'

'ಬಚ್ಚಿಟ್ಟಿರಲಿಲ್ಲ' ಅಂದೆ. 'ಎತ್ತಿಟ್ಟಿದ್ದೆ.'

ಅವಳು ಕಿಟಕಿಯ ಆಚೆ ನೋಡಿದಳು. ಮುಂದಿನ ಹತ್ತು ಕಿಲೋಮೀಟರ್ ನನಗೆ ಯೋಚಿಸಲು ಸಾಕಷ್ಟು ಸಮಯ ಸಿಕ್ಕಿತು. ಕಾಲೇಜಿನಲ್ಲಿ ಓದುವಾಗ ನಾನು ಬೈಕಿನಿಂದ ಎರಡು ಸಲ ಬಿದ್ದಿದ್ದೆ. ಎರಡೂ ಸಲ ಮನೆಯಲ್ಲಿ ರಸ್ತೆಯನ್ನು ಬೈದರು. ಯಾರೂ ನನ್ನ ಕೀ ಮುಟ್ಟಲಿಲ್ಲ. ಗಂಡಸು ಬಿದ್ದರೆ ಗುಂಡಿ ಕಾರಣ, ಹೆಂಗಸು ಬಿದ್ದರೆ ಹೆಂಗಸೇ ಕಾರಣ. ಇದು ಯಾವ ಕಾಯಿದೆಯಲ್ಲಿದೆ? ಆದರೂ ಎಲ್ಲ ಮನೆಗಳಲ್ಲೂ ಜಾರಿಯಲ್ಲಿದೆ. ಅದೂ ಕಾಳಜಿಯ ಹೆಸರಿನಲ್ಲಿ. ಕಾಳಜಿ ಎಂದಮೇಲೆ ಜಗಳವಾಡುವುದಾದರೂ ಹೇಗೆ?

ಈಗ ನನ್ನ ಹತ್ತಿರ ಐವತ್ತೆರಡರ ಸೈಕಲ್ ಇದೆ. ರಹಮತ್ ಭಾಯ್ ಜೊತೆಗೆ ಬಂದು ಕೊಡಿಸಿದ್ದು. ತೀರಾ ದುಬಾರಿಯದ್ದು ಬೇಡ ಎಂದು ಅವರೇ ತಡೆದರು. ಹೊಸದಾಗಿ ಕೊಳ್ಳಬೇಕೆಂದಿರುವ ಓದುಗರಿಗೆ ಅವರ ಮಾತನ್ನೇ ಒಪ್ಪಿಸುತ್ತೇನೆ. ಮೊದಲು ನಿಮ್ಮ ನಿಜವಾದ ಎತ್ತರ, ಆಮೇಲೆ ಸೈಕಲ್. ಹೆಲ್ಮೆಟ್ ಮತ್ತು ಹಿಂದಿನ ಕೆಂಪು ಲೈಟು ಇಲ್ಲದೆ ಗೇಟು ದಾಟಬೇಡಿ. ಒಂದು ಸ್ಪೇರ್ ಟ್ಯೂಬು, ಸಣ್ಣ ಪಂಪು ಸೀಟಿನ ಕೆಳಗಿನ ಚೀಲದಲ್ಲಿರಲಿ, ಟ್ಯೂಬು ಬದಲಾಯಿಸಲು ಮನೆಯಲ್ಲೇ ಕಲಿಯಿರಿ. ಜೆರ್ಸಿ, ಕನ್ನಡಕ, ಮೀಟರು ಎಲ್ಲ ಮುಂದಿನ ವರ್ಷ ನೋಡೋಣ. ಚಡ್ಡಿ ಬೇಕು. ಈ ಒಂದು ವಿಷಯದಲ್ಲಿ ನಾನು ಮೊದಲೇ ಸರಿಯಾಗಿದ್ದೆ.

ಕಳೆದ ಭಾನುವಾರ ಕೃಷ್ಣೇಗೌಡರು ಫೋನ್ ಮಾಡಿದ್ದರು. ಮಂಡಿ ನೋವು ಹೋಗಿದೆಯಂತೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊರಡುತ್ತಾರಂತೆ. ಆದರೆ ದನಿಯಲ್ಲಿ ಏನೋ ಬೇಸರ.

'ಏರಲ್ಲಿ ನನ್ನ ಹಿಂದಕ್ಕೆ ಹಾಕ್ಬಿಡ್ತಾಳೆ ಸಾರ್. ಮುಂದೆ ಎಲ್ಲಾದ್ರೂ ನಿಂತ್ಕೊಂಡು ಕಾಯಿ ಅಂದ್ರೆ, ನಿಲ್ಲೋದೇ ಇಲ್ಲ!'

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಸುಧಾ ಎರಡು ವರ್ಷ ನಿಂತಿದ್ದರಲ್ಲ, ಸಾಲದೇ?